ಬೆಳಕು ಯಾರು ಬೇಕಾದರೂ ಹಾಕ್ತಾರೆ

ಜನವರಿ 4

ಮಾನ್ಯರೇ,

ನಾವು ಕ್ಷೇಮ. ತಾವೂ ಕ್ಷೇಮವೆಂದು ತಮ್ಮ ಅಕ್ಕನ ಬಾಯಿಂದ ಆಗಾಗ ಕಿವಿಗೆ ಬೀಳುತ್ತಿರುತ್ತದೆ, ಆದ್ದರಿಂದ ಬೇರೆ ಕೇಳುವುದಿಲ್ಲ. ಐದು ವರ್ಷದಿಂದ ನಮ್ಮಿಬ್ಬರ ನಡುವೆ ಮಾತುಕತೆ ಇಲ್ಲ. ಈ ಪತ್ರವನ್ನೂ ಮಾತುಕತೆ ಎಂದು ತಾವು ಭಾವಿಸತಕ್ಕದ್ದಲ್ಲ. ಇದು ಕೆಲಸದ ಪತ್ರ.

ವಿಷಯ ಏನೆಂದರೆ, ನನ್ನ ಮಗಳಿಗೆಂದು ನಾವಿಬ್ಬರೂ ಸೇರಿ ಮಾಡಿದ ಟಾರ್ಚು ಕೆಟ್ಟಿದೆ. ಹಿತ್ತಾಳೆಯ ಮೈ ನಾನು ಲೇತಿನಲ್ಲಿ ಕಡೆದದ್ದು. ಒಳಗಿನ ಎಲ್‌ಇಡಿ, ವೈರು, ಸರ್ಕಿಟ್ಟು ತಾವು ಕೂರಿಸಿದ್ದು. ಮೈಗೆ ಏನೂ ಆಗಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಬೆಳಕು ಮಾತ್ರ ಮೊದಲು ನೀಲಿಗಟ್ಟಿತು, ಆಮೇಲೆ ಮಿಣಮಿಣ ಅಂದಿತು, ಹೋದ ವಾರ ಪೂರ್ತಿ ಸುಮ್ಮನಾಯಿತು.

ಗುಬ್ಬಿ ಏಪ್ರಿಲ್ ಹತ್ತಕ್ಕೆ ಊರಡಿಯ ಹಳೇ ನೀರಿನ ಸುರಂಗಕ್ಕೆ ಇಳಿಯುತ್ತಾಳೆ. ನಲವತ್ತು ದಿನದ ಅಳತೆಯ ಕೆಲಸ, ಈ ಸಲ ತಂಡಕ್ಕೆ ಅವಳೇ ಮುಂದಾಳು. ತಲೆಗೆ ಕಟ್ಟುವ ದೀಪ ಆಫೀಸಿನವರು ಕೊಡುತ್ತಾರೆ. ಆದರೆ ಕೈಗೆ ಅವಳಿಗೆ ಇದೇ ಬೇಕು. ಎಡಗೈಯವಳು, ಅವಳ ಹೆಬ್ಬೆರಳು ಬೀಳುವ ಜಾಗ ನೋಡಿ ಸ್ವಿಚ್ಚಿಟ್ಟ ಟಾರ್ಚು ಪ್ರಪಂಚದಲ್ಲಿ ಇದೊಂದೇ. "ಅಪ್ಪ, ಇದು ಹತ್ತಲಿಲ್ಲ ಅಂದ್ರೆ ನಾನು ಬೇರೆ ಯಾವುದನ್ನೂ ಮುಟ್ಟಲ್ಲ, ಬರೀ ತಲೆ ದೀಪದಲ್ಲೇ ಹೋಗ್ತೀನಿ" ಎಂದು ಕೂತಿದ್ದಾಳೆ. ಹಟ ಯಾರ ಕಡೆಯಿಂದ ಬಂದದ್ದು ಎಂದು ನಾನು ಹೇಳುವುದಿಲ್ಲ.

ತಾವು ಬಂದು ಎಲ್‌ಇಡಿ ಬದಲಿಸಿಕೊಡಬೇಕಾಗಿ ಕೋರಿಕೆ.

ಇಂತಿ,
ತಮ್ಮ ಅಕ್ಕನ ಗಂಡ

ತಮ್ಮಾ, ನಾನು ಅಕ್ಕ. ಇವರ ಪತ್ರದ ಕೆಳಗೆ ಜಾಗ ಉಳಿದಿತ್ತು, ಬರೀತಿದೀನಿ. ಫೋನ್ ಮಾಡಿದರೆ ಎರಡನೇ ಮಾತಿಗೇ ಇಬ್ಬರೂ ಕಿರುಚಾಡ್ತೀರ. ಅದಕ್ಕೇ ಬರೀರಿ ಅಂತ ಕೂರಿಸಿದೆ. ಬರೆಯೋದರಲ್ಲಿ ಒಂದು ಸುಖ, ನಡುವೆ ಬಾಯಿ ಹಾಕೋಕಾಗಲ್ಲ. ಈ ಒಂದು ಪತ್ರಕ್ಕೆ ನಾಲ್ಕು ಹಾಳೆ ಹರಿದು ಬಿಸಾಕಿದಾರೆ. "ತಾವು" ಅನ್ನೋದನ್ನ ನಿಘಂಟು ನೋಡಿ ಬರೆದ ಹಾಗಿದೆ. ನಗಬೇಡ.

*

ಜನವರಿ 11

ಮಾನ್ಯರೇ,

ತಮ್ಮ ಕೆಲಸದ ಪತ್ರ ತಲುಪಿತು. ಮೈಗೆ ಏನೂ ಆಗಿಲ್ಲವೆಂದು ತಿಳಿದು ಸಂತೋಷ. ಅಷ್ಟು ದಪ್ಪದ ಹಿತ್ತಾಳೆಗೆ ಆಗುವುದಾದರೂ ಏನು? ಕಲ್ಲಿನ ಮೇಲೆ ಎತ್ತಿಹಾಕಿದರೆ ಕಲ್ಲೇ ಒಡೆಯಬೇಕು.

ನಾನು ಬರುವುದಿಲ್ಲ. ಪಾರ್ಸಲ್ ಮಾಡಿದರೆ ಬಿಚ್ಚದೆ ವಾಪಸ್ ಕಳಿಸುತ್ತೇನೆ. ಕಾರಣ ತಮಗೆ ಗೊತ್ತಿದೆ, ಆದರೂ ಬರೆಯುತ್ತೇನೆ. ಅವತ್ತು ತಮ್ಮ ಮನೆಯ ಊಟದ ಮೇಜಿನಲ್ಲಿ ಹನ್ನೊಂದು ಜನ ಕೂತಿದ್ದರು. ಟಾರ್ಚು ಕೈಯಿಂದ ಕೈಗೆ ಹೋಗುತ್ತಿತ್ತು. ಯಾರೋ "ಎಂಥಾ ಬೆಳಕು!" ಅಂದರು. ಅದಕ್ಕೆ ತಾವು, "ಬೆಳಕು ಬಿಡ್ರೀ, ಯಾರು ಬೇಕಾದರೂ ಹಾಕ್ತಾರೆ. ಮೈ ಮಾಡೋದಿದೆಯಲ್ಲ, ಅದು ಕೆಲಸ" ಅಂದಿರಿ. ನಾನು ಅರ್ಧ ಊಟಕ್ಕೆ ಎದ್ದು ಬಂದೆ. ತಾವು ಕೂಗಿ ಕರೆಯಲೂ ಇಲ್ಲ, ಸಾರು ಬಡಿಸಿಕೊಳ್ಳುತ್ತಿದ್ದಿರಿ.

ಮೂರು ತಿಂಗಳು ಹುಡುಕಿದ ಬೆಳಕು ಅದು. ಸುರಂಗದ ಗೋಡೆಯ ಮೇಲೆ ಒದ್ದೆ ಯಾವುದು, ತುಕ್ಕು ಯಾವುದು, ಬಿರುಕು ಯಾವುದು ಅಂತ ಗುಬ್ಬಿಗೆ ಬೇರೆ ಬೇರೆಯಾಗಿ ಕಾಣಬೇಕು ಅಂತ ಹದಿನಾಲ್ಕು ಥರದ ಎಲ್‌ಇಡಿ ಉರಿಸಿ ನೋಡಿದ್ದೆ. ಅವಳು ನನ್ನ ಅಕ್ಕನ ಮಗಳು. ನಾನು ಎತ್ತಿ ಆಡಿಸಿದ ಮಗು.

ಆ ಮಾತನ್ನು ತಾವು ವಾಪಸ್ ತೆಗೆದುಕೊಂಡು ಬರೆದುಕೊಟ್ಟರೆ ಮಾರನೇ ದಿನದ ಬಸ್ಸಿಗೆ ಹೊರಡುತ್ತೇನೆ. ಇಲ್ಲವಾದರೆ, ಯಾರು ಬೇಕಾದರೂ ಹಾಕುವಂಥದ್ದನ್ನು ತಾವೂ ಹಾಕಬಹುದು. ಮೂರು ಎಲ್‌ಇಡಿ ಕಳಿಸಿದ್ದೇನೆ. ಒಂದು ತಮ್ಮ ಅವಸರಕ್ಕೆ, ಒಂದು ತಮ್ಮ ಸಿಟ್ಟಿಗೆ, ಒಂದು ಟಾರ್ಚಿಗೆ.

ಮಾಡುವ ವಿಧಾನ: ಮುಂದಿನ ಬಳೆ ತಿರುಗಿಸಿ ಬಿಚ್ಚಿ. ಗಾಜು ತೆಗೆಯಿರಿ, ಅದರ ಹಿಂದಿನ ಹೊಳೆಯುವ ಬಟ್ಟಲು ತೆಗೆಯಿರಿ. ತಳದಲ್ಲಿ ತಾಮ್ರದ ಬಿಲ್ಲೆ ಇದೆ, ಅದರ ನಡುವೆ ಅಕ್ಕಿ ಕಾಳಿನಷ್ಟು ಅಗಲದ ಹಳದಿ ಚೌಕ, ಅದೇ ಎಲ್‌ಇಡಿ. ಕೆಂಪು ವೈರು, ಕಪ್ಪು ವೈರು ಎರಡನ್ನೂ ಬಿಡಿಸಿ ಬಿಲ್ಲೆ ಈಚೆ ತೆಗೆದುಕೊಳ್ಳಿ. ಅಕ್ಕನ ಇಸ್ತ್ರಿ ಪೆಟ್ಟಿಗೆ ಮಗುಚಿ ಅಲ್ಲಾಡದ ಹಾಗೆ ವೈಸಿಗೆ ಕಚ್ಚಿಸಿ, ಕಾದಮೇಲೆ ಬಿಲ್ಲೆಯನ್ನು ಅದರ ಮೇಲಿಡಿ. ಬೆಸುಗೆ ಕರಗಿದ ಕೂಡಲೇ ಹಳೆಯದನ್ನು ಚಿಮಟದಲ್ಲಿ ಎತ್ತಿ, ಹೊಸದನ್ನು ಇಡಿ. ಇಟ್ಟಮೇಲೆ ಮುಟ್ಟಬೇಡಿ. ಕರಗಿದ ಬೆಸುಗೆ ಅದನ್ನು ತಾನೇ ಎಳೆದು ನಡುಮಧ್ಯಕ್ಕೆ ಕೂರಿಸಿಕೊಳ್ಳುತ್ತದೆ. ಮತ್ತೆ ಹೇಳುತ್ತೇನೆ, ಮುಟ್ಟಬೇಡಿ.

ಇಂತಿ,
ರೇಡಿಯೋ ರಿಪೇರಿಯವನು

*

ಜನವರಿ 23

ರಿಪೇರಿಯವರೇ,

ಮುಟ್ಟಿದೆ.

ಕಾರಣ ಕೇಳಿ. ನೀವು ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಮಾಡಿದೆ. ಬಳೆ ಎಷ್ಟು ನಯವಾಗಿ ಬಿಚ್ಚಿತು ಗೊತ್ತಾ! ಐದು ವರ್ಷವಾದರೂ ಒಂದು ಮರಳಿನ ಕಾಳು ಒಳಗೆ ಹೋಗಿಲ್ಲ. ಇರಲಿ. ಹೊಸ ಎಲ್‌ಇಡಿ ಇಟ್ಟೆ. ಅದು ಒಂದು ಕೂದಲೆಳೆಯಷ್ಟು ಓರೆಯಾಗಿ ಕೂತಿತು. ತಾನೇ ನೇರ ಆಗುತ್ತೆ ಅಂದಿದ್ದಿರಿ, ಸರಿ. ನಾನು ಕಾದೆ. ನಾಲ್ಕು ಎಣಿಸುವಷ್ಟು ಹೊತ್ತು ಕಾದೆ. ನಲವತ್ತು ವರ್ಷ ಓರೆ ಕಂಡಲ್ಲೆಲ್ಲ ನೇರ ಮಾಡಿದ ಕೈ ಸುಮ್ಮನಿರುತ್ತೇನ್ರೀ? ಚಿಮಟದಿಂದ ಮೆಲ್ಲಗೆ ಒತ್ತಿದೆ. ಅದರ ನೆತ್ತಿಯ ಮೇಲಿದ್ದ ಮೆತ್ತನೆ ಗುಮ್ಮಟ ಜಾರಿ ಚಿಮಟಕ್ಕೇ ಅಂಟಿಕೊಂಡು ಬಂತು.

ಅವಸರದ್ದು ಮುಗಿಯಿತು. ಇನ್ನೆರಡಿವೆ.

ನೀವು ಕೇಳಿದ ಬರಹದ ವಿಚಾರ: ನಾನು ಅವತ್ತು ಹಾಗೆ ಹೇಳಿದ್ದೇ ನೆನಪಿಲ್ಲ. ಸಾರು ಬಡಿಸಿಕೊಂಡದ್ದು ನೆನಪಿದೆ.

ಇಂತಿ,
ಭಾವ

ಅಕ್ಕ ಬರೆಯೋದು: ನೆನಪಿಲ್ಲ ಅನ್ನೋದು ಶುದ್ಧ ಸುಳ್ಳು. ಆ ಮಾತು ಬಂದಾಗಲೆಲ್ಲ ಎದ್ದು ಶೆಡ್ಡಿಗೆ ಹೋಗ್ತಾರೆ. ಇನ್ನು ನಿನಗೆ ಬೈಬೇಕು. ನನ್ನ ಇಸ್ತ್ರಿ ಪೆಟ್ಟಿಗೆ ಅಲ್ಲದೆ ಬೇರೇನೂ ಸಿಗಲಿಲ್ವಾ? ಹೊಲಿಯೋಕೆ ಕೊಟ್ಟವರ ಪರದೆ ಮೇಲೆ ಈಗ ಬೆಸುಗೆಯ ಬೆಳ್ಳಿ ಬೊಟ್ಟು ಬಿದ್ದಿದೆ. "ಡಿಸೈನು" ಅಂತ ಹೇಳಿ ಕಳಿಸಿದೆ.

*

ಜನವರಿ 30

ಭಾವನವರೇ,

ಗುಮ್ಮಟ ಕಿತ್ತದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಕೆಲಸ ಕಲಿಯುವಾಗ ನಾನೂ ಹತ್ತಾರು ಕಿತ್ತಿದ್ದೇನೆ. ಇದನ್ನು ನಿಮಗೆ ಹೇಳಬಾರದಿತ್ತು, ಬರೆದಾಯಿತು.

ಈ ಸಲ ಹೀಗೆ ಮಾಡಿ. ಎಲ್‌ಇಡಿ ಇಟ್ಟ ಕೂಡಲೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ನನ್ನ ಗುರುಗಳು ನನಗೆ ಹಾಗೇ ಕಲಿಸಿದ್ದು. ಅದು ತಾನಾಗಿ ಸಣ್ಣಗೆ ಜಗ್ಗಿ ಪಟ್ಟಂತ ನೇರ ಕೂರುತ್ತೆ. ಆ ಕ್ಷಣ ನೋಡೋಕೆ ಬಲು ಚೆಂದ. ಇಷ್ಟು ವರ್ಷವಾದರೂ ನನಗೆ ಸಾಕಾಗಿಲ್ಲ.

ಬಿಲ್ಲೆ ವಾಪಸ್ ಇಡುವಾಗ ಅದರ ಕೆಳಗೆ ಬಿಳಿ ಮುಲಾಮು ತೆಳ್ಳಗೆ ಸವರಿ, ಶಾಖ ಮೈಗೆ ಇಳಿಯಲಿ. ಕೆಂಪು ವೈರು ಕೂಡು ಗುರುತಿಗೆ, ಕಪ್ಪು ಕಳೆ ಗುರುತಿಗೆ. ಉಳಿದ ಯಾವುದನ್ನೂ ಸುಧಾರಿಸೋಕೆ ಹೋಗಬೇಡಿ.

ಆ ಬರಹ ಬಂದರೆ ಈಗಲೂ ಬರುತ್ತೇನೆ.

ಇಂತಿ,
ಅಕ್ಕನ ತಮ್ಮ

*

ಫೆಬ್ರವರಿ 19

ರಿಪೇರಿಯವರೇ,

ನಿಮ್ಮ ಮಾಲು ಸರಿ ಇಲ್ಲ.

ಕೈ ಕಟ್ಟಿಕೊಂಡೆ. ನೇರ ಕೂತಿತು. ನೋಡಿ ಕಣ್ಣರಳಿಸಿದೆ, ಒಪ್ಪಿಕೊಳ್ಳುತ್ತೇನೆ. ವೈರು ಹಚ್ಚಿದೆ, ಬಟ್ಟಲು ಕೂರಿಸಿದೆ, ಬಳೆ ತಿರುಗಿಸಿದೆ, ಸ್ವಿಚ್ಚು ಒತ್ತಿದೆ. ಬೆಳಕು ಬಂತು! ನಿಮ್ಮ ಅಕ್ಕನನ್ನು ಕೂಗಿ ಕರೆದು ಗೋಡೆಗೆ ಬಿಟ್ಟು ತೋರಿಸಿದೆ. ನೋಡಿದರೆ ನಟ್ಟನಡುವೆ ಕಪ್ಪು ತೂತು. ಸುತ್ತ ಬೆಳಕು, ಮಧ್ಯದಲ್ಲಿ ಕತ್ತಲೆ, ಥೇಟ್ ಬಳೆ. "ಇದರಲ್ಲಿ ಗುಬ್ಬಿ ಏನು ನೋಡ್ತಾಳೆ, ಅಂಚು ಮಾತ್ರಾನಾ?" ಅಂತ ಕೇಳಿ ಅವಳು ಒಳಗೆ ಹೋದಳು.

ನಿನ್ನ ಎಲ್‌ಇಡಿಯೇ ತೂತು ಅಂತ ಸಿಟ್ಟು ಬಂದು ಇಕ್ಕಳದಲ್ಲಿ ಹಿಡಿದು ಕಿತ್ತೆ. ನಿಮ್ಮ ಅಂತ ಓದಿಕೊಳ್ಳಿ. ಅದೂ ಹೋಯಿತು. ಇನ್ನು ಒಂದೇ ಉಳಿದಿರುವುದು.

ಭಾವ

*

ಫೆಬ್ರವರಿ 24

ಭಾವ,

ಕಾರ್ಡಿನಲ್ಲಿ ಒಂದೇ ಪ್ರಶ್ನೆ. ಬಿಲ್ಲೆ ಕೂರುವ ತಳವನ್ನು ಲೇತಿಗೆ ಹಾಕಿದ್ರಾ? ನಿಜ ಹೇಳಿ.

*

ಮಾರ್ಚ್ 2

ಹಾಕಿದೆ.

ಏನು ಮಾಡಲಿ ಮಾರಾಯ, ಬಿಲ್ಲೆ ತೆಗೆದಾಗ ತಳದಲ್ಲಿ ಒಂದು ಗೀರು ಕಂಡಿತು. ಐದು ವರ್ಷದ ಹಿಂದೆ ನಾನೇ ಬಿಟ್ಟ ಗೀರು. ಯಾರಿಗೂ ಕಾಣಲ್ಲ, ಬಿಲ್ಲೆಯ ಕೆಳಗೆ ಮುಚ್ಚಿಹೋಗುತ್ತೆ, ಎಲ್ಲಾ ಸರಿ. ಆದರೆ ನನಗೆ ಗೊತ್ತಲ್ಲ! ಅನ್ನ ಇಳಿಯಲಿಲ್ಲ. ಲೇತಿಗೆ ಕಚ್ಚಿಸಿ ಒಂದು ತೆಳು ಪದರ ತೆಗೆದೆ. ಆಮೇಲೆ ಹೊಳಪು ಸಾಲದು ಅನ್ನಿಸಿ ಇನ್ನೊಂದು. ಈಗ ಆ ತಳದಲ್ಲಿ ಮುಖ ನೋಡಿ ಗಡ್ಡ ಮಾಡಿಕೊಳ್ಳಬಹುದು.

ಅದಕ್ಕೂ ತೂತಿಗೂ ಏನು ಸಂಬಂಧ? ನಿನಗೆ ಹೇಗೆ ಗೊತ್ತಾಯ್ತು? ಅಷ್ಟು ದೂರ ಕೂತು!

ನಿನ್ನ ಭಾವ

ಅಕ್ಕ ಬರೆಯೋದು: "ನಿನ್ನ" ಅಂತ ಬಂದಿದೆ, ನೋಡಿದ್ಯಾ? ನಾನು ಹೇಳಿ ಬರೆಸಿದ್ದಲ್ಲ.

*

ಮಾರ್ಚ್ 8

ಭಾವ,

ನಿಮ್ಮ ಪತ್ರವನ್ನು ಅಂಗಡಿಯಲ್ಲಿ ಓದಿ ಎಷ್ಟು ನಕ್ಕೆ ಅಂದರೆ, ರೇಡಿಯೋ ತಂದಿದ್ದ ಯಜಮಾನರು "ಏನ್ರೀ, ನನ್ನ ರೇಡಿಯೋ ಅಷ್ಟು ಕೆಟ್ಟದಾಗಿದೆಯಾ?" ಅಂತ ಕೇಳಿದರು. ಐದು ವರ್ಷ ನಿಮ್ಮ ಹೆಸರಿಗೆ ಹಲ್ಲು ಕಚ್ಚಿದವನು ನಾನು. ಹೊಟ್ಟೆ ಹಿಡಿದುಕೊಂಡು ನಗುತ್ತಾ ಕೂತಿದ್ದೆ.

ಕಾರಣ ಸುಲಭ. ನೀವು ತಳ ತೆಗೆದಷ್ಟೂ ಎಲ್‌ಇಡಿ ಕೆಳಗಿಳಿಯಿತು. ಆ ಬಟ್ಟಲಿಗೆ ಅದು ಸರಿಯಾದ ಎತ್ತರದಲ್ಲೇ ಇರಬೇಕು. ಅರ್ಧ ಮಿಲಿಮೀಟರ್ ಇಳಿದರೂ ನಡುವೆ ಕತ್ತಲೆ ಬೀಳುತ್ತೆ. ತೆಗೆದಷ್ಟೇ ದಪ್ಪದ ತಾಮ್ರದ ತಗಡು ಕತ್ತರಿಸಿ ಬಿಲ್ಲೆಯ ಅಡಿಗೆ ಕೊಡಿ. ಅಳತೆ ನಿಮಗೆ ಹೇಳಿಕೊಡಬೇಕಾಗಿಲ್ಲ.

ಈಗ ಮನಸ್ಸಿನಲ್ಲಿರೋದನ್ನು ಹೇಳಿಬಿಡ್ತೀನಿ. ಮೊದಲ ಪತ್ರ ಬರೆದಾಗ ನೀವು ಸೋಲಬೇಕು ಅಂತಲೇ ನನಗಿತ್ತು. ಮೂರನ್ನೂ ಸುಟ್ಟು, ಸೋತು, ಆ ಮಾತು ವಾಪಸ್ ತಗೊಳ್ತೀರಿ ಅಂತ ಕಾದಿದ್ದೆ. ಈಗ ನೋಡಿದರೆ ಈ ಕೊನೆಯದನ್ನು ನೀವು ಹತ್ತಿಸೇ ಬಿಡ್ತೀರಿ. ಹತ್ತಿಸಿದರೆ ನೀವು ಅಂದದ್ದೇ ನಿಜ ಆಗುತ್ತೆ, ಬೆಳಕು ಯಾರು ಬೇಕಾದರೂ ಹಾಕ್ತಾರೆ ಅಂತ. ಅದು ಗೊತ್ತಿದ್ದೂ ಹೇಳಿಕೊಡ್ತಿದೀನಿ. ಗುಬ್ಬಿ ಬರೀ ತಲೆ ದೀಪದಲ್ಲಿ ಇಳಿಯೋದು ನನಗೆ ಬೇಡ. ನನ್ನ ಮಾನ ಮರ್ಯಾದೆ ಆಮೇಲೆ.

ಹತ್ತಿದರೆ ಒಂದು ಸಾಲು ಬರೆದು ತಿಳಿಸಿ. ನಾನು ಬರೋ ಅಗತ್ಯ ಇರಲ್ಲ.

ನಿಮ್ಮ ಬಾಮೈದ

*

ಮಾರ್ಚ್ 20

ಲೋ,

ಆಗಲಿಲ್ಲ.

ತಗಡು ಕತ್ತರಿಸಿದೆ, ಮೈಕ್ರೋಮೀಟರ್ ಹಿಡಿದು ಅಳೆದೆ, ಕೊಟ್ಟೆ. ಕೊನೆಯ ಎಲ್‌ಇಡಿ ಕೂರಿಸಿದೆ. ಹತ್ತಲಿಲ್ಲ. ಬಿಚ್ಚಿದೆ, ಮುಚ್ಚಿದೆ, ಊದಿದೆ, ಬೇಡಿಕೊಂಡೆ. ಊಹೂಂ. ನನ್ನ ಕೈಲಿ ಆಗೋ ಕೆಲಸ ಅಲ್ಲ ಇದು.

ನೀನು ಕೇಳಿದ ಬರಹ ಇದೋ ತಗೋ. ಅವತ್ತು ಮೇಜಿನ ಮೇಲೆ ನಾನು ಆಡಿದ ಮಾತು ತಪ್ಪು. ಬೆಳಕು ಹಾಕೋದು ಯಾರು ಬೇಕಾದರೂ ಮಾಡೋ ಕೆಲಸ ಅಲ್ಲ. ಆ ಬೆಳಕನ್ನ ಎಲ್ಲರೂ ಹೊಗಳ್ತಿದ್ದರು, ನನ್ನ ಹಿತ್ತಾಳೆ ಕಡೆ ಒಬ್ಬರೂ ನೋಡಲಿಲ್ಲ. ಹೊಟ್ಟೆ ಉರೀತು, ಬಾಯಿಗೆ ಬಂದದ್ದು ಅಂದೆ. ನೀನು ಎದ್ದು ಹೋದಾಗ ಹಿಂದೆ ಓಡಿ ಬಂದು ಕೈ ಹಿಡಿಯಬೇಕಿತ್ತು. ಸಾರು ಬಡಿಸಿಕೊಂಡೆ. ಆ ಸಾರು ಗಂಟಲಲ್ಲಿ ಇಳಿಯಲಿಲ್ಲ, ಆ ವಿಷಯ ನಿನ್ನ ಅಕ್ಕನಿಗೂ ಗೊತ್ತಿಲ್ಲ.

ಹನ್ನೊಂದು ಜನರೆದುರಿಗೆ ಅಂದದ್ದು, ಹಾಳೆಯಲ್ಲಿ ವಾಪಸ್ ತಗೊಂಡರೆ ಸಾಲದು. ಸಿಕ್ಕಷ್ಟು ಜನರನ್ನು ಊಟಕ್ಕೆ ಕರೀತೀನಿ. ಬಂದು ಅವರೆದುರಿಗೇ ಹತ್ತಿಸು. ಏಪ್ರಿಲ್ ಹತ್ತಕ್ಕೆ ಗುಬ್ಬಿ ಇಳೀತಾಳೆ, ಅದರೊಳಗೆ ಬಾ.

ನಿನ್ನ ಭಾವ

ಅಕ್ಕ ಬರೆಯೋದು: ಈ ಸಲ ನಾನು ಏನೂ ಬರೆಯಲ್ಲ. ಬಂದುಬಿಡು.

*

ಏಪ್ರಿಲ್ 13

ಭಾವ,

ಸುಖವಾಗಿ ಬಂದು ಸೇರಿದೆ. ಗುಬ್ಬಿ ಇಳಿಯುವ ಮುಂಚೆ ಫೋನ್ ಮಾಡಿದ್ದಳು. "ಮಾವ, ಸುರಂಗದ ಬಾಯಲ್ಲಿ ನಿಂತು ಬೆಳಕು ಬಿಟ್ಟೆ, ಒಳಗಿನ ಮೊದಲ ತಿರುವಿನವರೆಗೂ ಇಟ್ಟಿಗೆ ಇಟ್ಟಿಗೆ ಕಾಣ್ತಿದೆ" ಅಂದಳು. ಅವತ್ತು ಅಂಗಡಿ ಬಾಗಿಲು ಬೇಗ ಎಳೆದೆ.

ಊಟದ ದಿನ ಬಂದವರು ಏಳೇ ಜನ. ಆದರೂ ನೀವು ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು, ಆ ಮಾತು ಹೇಳಿದಿರಲ್ಲ, ನನಗೆ ಯಾರ ಮುಖವೂ ಸರಿಯಾಗಿ ಕಾಣಲಿಲ್ಲ. ಕಣ್ಣು ತುಂಬಿತ್ತು. ಆಮೇಲೆ ಎಲ್ಲರೂ ಮೇಜಿನ ಸುತ್ತ ಬಗ್ಗಿ ನೋಡ್ತಿದ್ದಾಗ ನಾನು ಟಾರ್ಚು ಬಿಚ್ಚಿದೆ.

ಅಲ್ಲಿ ಕಂಡದ್ದನ್ನು ಅವತ್ತು ಹೇಳಲಿಲ್ಲ. ಈಗ ಹೇಳ್ತೀನಿ.

ಎಲ್‌ಇಡಿ ನಟ್ಟನಡುವೆ, ನಾನು ಕೂರಿಸಿದರೂ ಅಷ್ಟು ನೇರ ಕೂರುತ್ತಿರಲಿಲ್ಲ. ಎರಡು ಬೆಸುಗೆಯೂ ದುಂಡಗೆ, ಹೊಳಪಾಗಿ. ಅಡಿಯ ತಗಡು ಸರಿಯಾದ ಅಳತೆ. ಅದರ ಅಂಚನ್ನೂ ಉಜ್ಜಿ ನಯ ಮಾಡಿದ್ದಿರಿ, ಬಿಡಲ್ಲ ನೀವು. ಎಲ್ಲಾ ಸರಿ ಇತ್ತು ಭಾವ. ಒಂದೇ ಕೊರತೆ, ಕೆಂಪು ವೈರು ನಡುವೆ ತುಂಡಾಗಿತ್ತು.

ವೈರು ತಾನಾಗಿ ತುಂಡಾದರೆ ಎಳೆ ಎಳೆಯಾಗಿ ಕೆದರಿಕೊಂಡಿರುತ್ತೆ. ಇದು ಕತ್ತರಿಸಿದ ಹಾಗಿತ್ತು. ಅದೂ ಎಂಥಾ ಕತ್ತರಿಸಿದ್ದು! ಮೂಲೆಮಟ್ಟ ಇಟ್ಟು ಕೊಯ್ದ ಹಾಗೆ ನೇರ, ಒಂದು ಎಳೆ ಉದ್ದ ಇಲ್ಲ, ಒಂದು ಎಳೆ ಗಿಡ್ಡ ಇಲ್ಲ. ಕೆಡಿಸೋದನ್ನೂ ಅಷ್ಟು ಅಚ್ಚುಕಟ್ಟಾಗಿ ಕೆಡಿಸೋರು ನನಗೆ ಗೊತ್ತಿರೋ ಹಾಗೆ ಒಬ್ಬರೇ.

ಎರಡು ನಿಮಿಷದ ಕೆಲಸ ಅದು. ನಾನು ಇಪ್ಪತ್ತು ನಿಮಿಷ ಎಳೆದೆ. ಹುಬ್ಬು ಗಂಟಿಕ್ಕಿದೆ, "ಅಯ್ಯೋ, ಇದು ಕಷ್ಟ ಇದೆ" ಅಂದೆ, ಅಕ್ಕನ ಕಡೆ ನೋಡದ ಹಾಗೆ ತಲೆ ತಗ್ಗಿಸಿಕೊಂಡಿದ್ದೆ. ಬೆಳಕು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ನೀವು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದನ್ನೇ ಯೋಚನೆ ಮಾಡಿದೆ. ನೀವು ಅವತ್ತು ಅಂದದ್ದು ಸುಳ್ಳಲ್ಲ ಭಾವ. ಮನಸ್ಸಿಟ್ಟರೆ ಬೆಳಕು ಯಾರು ಬೇಕಾದರೂ ಹಾಕಬಹುದು, ನೀವೇ ಹಾಕಿ ತೋರಿಸಿದಿರಿ. ಆದರೆ ಗೆದ್ದು ಹತ್ತಿಸಿದ ಬೆಳಕನ್ನ, ಬಾಮೈದನ ಮರ್ಯಾದೆ ಉಳಿಯಲಿ ಅಂತ ತಾವೇ ನಂದಿಸೋದು ಯಾರ ಕೈಲಿ ಆಗುತ್ತೆ ಹೇಳಿ?

ಮುಂದಿನ ತಿಂಗಳು ಗುಬ್ಬಿ ಮೇಲೆ ಬರುವ ದಿನಕ್ಕೆ ಬರ್ತೀನಿ. ಸಾರು ಮಾಡಿಸಿ. ಅರ್ಧ ಊಟ ಬಾಕಿ ಇದೆ.

ನಿಮ್ಮ ಬಾಮೈದ

*

ಏಪ್ರಿಲ್ 19

ಲೋ,

ಏನೇನೋ ಬರೀತೀಯ. ವೈರು ಹಾಗೇ ತುಂಡಾಗಿತ್ತು. ಹಳೇ ವೈರು, ಶಾಖಕ್ಕೆ ಹೋಗಿರುತ್ತೆ. ನನಗೆ ಏನೂ ಗೊತ್ತಿಲ್ಲ. ಈ ವಿಷಯ ಇಲ್ಲಿಗೆ ಬಿಡು.

ಬರುವಾಗ ಇನ್ನೆರಡು ಎಲ್‌ಇಡಿ ತಗೊಂಡು ಬಾ. ಮಿಕ್ಕ ಹಿತ್ತಾಳೆಯಲ್ಲಿ ಇನ್ನೊಂದು ಮೈ ಕಡೀತಿದೀನಿ, ನಿನ್ನ ಬಲಗೈ ಅಳತೆಗೆ. ಬೆಳಕು ನೀನೇ ಹಾಕಬೇಕು. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡ್ತೀನಿ.

ನಿನ್ನ ಭಾವ

ಅಕ್ಕ ಬರೆಯೋದು: ಗೊತ್ತಿಲ್ಲವಂತೆ! ಆ ಕೊನೇ ಎಲ್‌ಇಡಿ ಹತ್ತಿದಾಗ ಅಡುಗೆಮನೆಗೆ ಓಡಿಬಂದು, ಗೋಡೆ, ಸೂರು, ನನ್ನ ಮುಖ ಎಲ್ಲದರ ಮೇಲೂ ಬೆಳಕು ಬಿಟ್ಟು ಚಿಕ್ಕ ಮಗುವಿನ ಥರ ಕುಣಿದರು. ಆಮೇಲೆ ನಿನ್ನ ಮಾರ್ಚ್ ತಿಂಗಳ ಪತ್ರ ತೆಗೆದು ಇನ್ನೊಂದು ಸಲ ಓದಿದರು. ಮಡಚಿ ಜೇಬಿಗಿಟ್ಟರು. ಆಮೇಲೆ ನನ್ನ ಹೊಲಿಗೆ ಡಬ್ಬಿ ಕಡೆ ನೋಡ್ತಾ, "ನಿನ್ನ ಕತ್ತರಿ ಹರಿತ ಇದೆಯಾ?" ಅಂತ ಕೇಳಿದರು. ಯಾಕೆ ಅಂತ ನಾನು ಕೇಳಲಿಲ್ಲ ತಮ್ಮಾ. ಇರೋದರಲ್ಲಿ ಒಳ್ಳೇದನ್ನೇ ತೆಗೆದು ಕೊಟ್ಟೆ.